ಆರೋಹಿಸಲು ಸಾಧ್ಯವಾಗಿಲ್ಲ

ಅಂಕೋಲೆಯ ನಮ್ಮ ಚಿಕ್ಕಪ್ಪನ ಲ್ಯಾಪ್‌ಟಾಪ್ ಸತ್ತು ಐದು ವರ್ಷ ಆಗಿತ್ತು. ಸತ್ತಿದೆ ಅಂತ ತೀರ್ಪು ಕೊಟ್ಟವರು ಒಬ್ಬ ರಿಪೇರಿಯವರು. ‘ಬೋರ್ಡೇ ಹೋಗದೆ ಮಾಸ್ತರ್ರೆ, ಗುಜರಿಗೆ ಹಾಕಿ, ಬೇಕಾದ್ರೆ ನಾನೇ 600 ರೂಪಾಯಿ ಕೊಡ್ತೆ’ ಅಂದಿದ್ದರಂತೆ. ಚಿಕ್ಕಪ್ಪ ಕೊಡಲಿಲ್ಲ. ಹಳೇ ಚಾದರದಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟುಬಿಟ್ಟರು.

ಕೊಡದೇ ಇದ್ದದ್ದಕ್ಕೆ ಕಾರಣವಿತ್ತು. ಚಿಕ್ಕಪ್ಪ ಹುಟ್ಟಿದ್ದು ಕಾರವಾರ ತಾಲ್ಲೂಕಿನ ಅರಗಾದಲ್ಲಿ. 1986ರಲ್ಲಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. 2005ರಲ್ಲಿ ಐಎನ್ಎಸ್ ಕದಂಬ ಶುರುವಾಯಿತು. ಈ ಎರಡು ಇಸವಿಗಳ ನಡುವೆ ಅಲ್ಲಿಯ ಮನೆ, ಗದ್ದೆ, ಕಡಲ ದಂಡೆ ಎಲ್ಲ ಬಿಟ್ಟು ಹೊರಟವರಲ್ಲಿ ನಮ್ಮವರೂ ಇದ್ದರು. ಇವತ್ತು ಕಾರವಾರದಿಂದ ಅಂಕೋಲೆಗೆ ಬಸ್ಸಿನಲ್ಲಿ ಹೋದರೆ ಅರಗಾ ಅಂದರೆ ಒಂದು ಗೋಡೆ, ಒಂದು ಗೇಟು. ಗೋಡೆಯಾಚೆ ಯಾರ ಮನೆ ಎಲ್ಲಿತ್ತು, ಯಾವ ಬಾವಿಯ ನೀರು ಬೇಸಿಗೆಯಲ್ಲೂ ಸಿಹಿ, ಯಾವ ಮರದ ಮಾವಿಗೆ ಏನು ಹೆಸರು ಅಂತ ನಿವೃತ್ತಿಯಾದ ಮೇಲೆ ಚಿಕ್ಕಪ್ಪ ಕೂತು ಟೈಪ್ ಮಾಡಿದ್ದರು. 2012ರಲ್ಲಿ ಕೈಗಾದಲ್ಲಿ ಕೆಲಸ ಮಾಡುವವರೊಬ್ಬರಿಂದ ಕೊಂಡ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಅದು. ಅದರಲ್ಲೇ ಏಳು ವರ್ಷ ಬರೆದರು. ಬೇರೆಲ್ಲೂ ಪ್ರತಿ ಇಲ್ಲ.

ಕಳೆದ ಮಳೆಗಾಲ ನಾನು ಎರಡು ತಿಂಗಳು ಕಾರವಾರದ ಮನೆಯಿಂದ ಕೆಲಸ ಮಾಡುತ್ತಿದ್ದೆ. ‘ತಂಗೀ, ನಿಂಗೆ ಕಂಪ್ಯೂಟರ್ ಗೊತ್ತದೆ ಅಲಾ, ಒಂಚೂರು ನೋಡೇ’ ಅಂದರು. ನನ್ನದು ಬೆಂಗಳೂರಿನ ಕಂಪನಿಯೊಂದರಲ್ಲಿ ಅಕೌಂಟ್ಸ್ ಕೆಲಸ. ದಿನಕ್ಕೆ ಒಂಬತ್ತು ಗಂಟೆ ಕಂಪ್ಯೂಟರಿನ ಮುಂದೆ ಕೂತರೂ ಅದರ ಹೊಟ್ಟೆಯೊಳಗೆ ಏನಿದೆ ಅಂತ ನೋಡಿದವಳಲ್ಲ. ಆದರೂ ‘ತನ್ನಿ’ ಅಂದೆ.

ಯಂತ್ರದ ಕಥೆ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಅದು ಬೇಗನೇ ಮುಗಿಯಿತು. ಬಟನ್ ಒತ್ತಿದರೆ ಪರದೆ ಕತ್ತಲು, ಬರೀ ಬೀಪ್ ಬೀಪ್ ಸದ್ದು. ಆ ಸದ್ದು ಬರುತ್ತಿದೆ ಅಂದರೆ ಬೋರ್ಡು ಬದುಕಿದೆ, ಏನೋ ಹೇಳ್ತಿದೆ ಅಂತ ಅರ್ಥ. ಹೆಚ್ಚಿನ ಸಲ ಅದು ಹೇಳುವುದು ‘ರ‍್ಯಾಮ್ ಸಿಗ್ತಿಲ್ಲ’ ಅಂತ. ಬ್ಯಾಟರಿ ತೆಗೆದು, ಅಡಿಯ ಮುಚ್ಚಳದ ಸ್ಕ್ರೂ ಬಿಚ್ಚಿ, ರ‍್ಯಾಮ್ ಪಟ್ಟಿಯನ್ನು ಹೊರಗೆ ತೆಗೆದೆ. ಕಡಲ ಊರಿನ ಉಪ್ಪುಗಾಳಿ ಕಬ್ಬಿಣದ ಕಿಟಕಿಯನ್ನೇ ಬಿಡಲ್ಲ, ಇದನ್ನು ಬಿಡುತ್ತದಾ? ಪಟ್ಟಿಯ ಹಲ್ಲುಗಳು ಮಂಕಾಗಿದ್ದವು. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಕೂರಿಸಿದೆ. ಪರದೆ ಬೆಳಗಿತು. ರಿಪೇರಿಯವರ ‘ಹೋದ ಬೋರ್ಡ್’ಗೆ ಬೇಕಾಗಿದ್ದದ್ದು ಮಕ್ಕಳ ಕಂಪಾಸ್ ಬಾಕ್ಸಿನ ರಬ್ಬರು.

ಹಳೇ ಹಾರ್ಡ್‌ಡಿಸ್ಕನ್ನು ಮುಟ್ಟಲಿಲ್ಲ. ಹೊಸಬರು ಇದೊಂದು ಮಾತು ನೆನಪಿಟ್ಟುಕೊಳ್ಳಿ: ಒಳಗೆ ಬೇಕಾದ್ದು ಇದ್ದರೆ ಹಳೇ ಡಿಸ್ಕಿನ ಮೇಲೆ ಏನೂ ಪ್ರಯೋಗ ಮಾಡಬಾರದು. ಅದನ್ನು ಹೊರಗೆ ತೆಗೆದು 300 ರೂಪಾಯಿಯ ಯುಎಸ್‌ಬಿ ಡಬ್ಬಿಯಲ್ಲಿ ಹಾಕಿಟ್ಟೆ. ಅದರ ಜಾಗಕ್ಕೆ ಒಂದು ಸಣ್ಣ ಎಸ್ಎಸ್‌ಡಿ ಬಂತು. 2 ಜಿಬಿ ಇದ್ದ ರ‍್ಯಾಮ್ 4 ಜಿಬಿ ಆಯಿತು, ಅದೂ ಸೆಕೆಂಡ್‌ಹ್ಯಾಂಡ್. ಎಲ್ಲ ಸೇರಿ ಎರಡೂವರೆ ಸಾವಿರ ಆಗಲಿಲ್ಲ. ಅದರಲ್ಲಿದ್ದ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಕೈಕೊಟ್ಟಿತ್ತು. ಹಾಗಾಗಿ ಪೆನ್‌ಡ್ರೈವಿನಿಂದ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. ನಂತರ ಯಾವ ವೆಬ್‌ಸೈಟೂ ತೆರೆಯಲಿಲ್ಲ, ಎಲ್ಲವೂ ‘ಸುರಕ್ಷಿತವಲ್ಲ’. ಒಂದು ಸಂಜೆ ಪೂರ್ತಿ ತಲೆ ಕೆಟ್ಟಿತು. ಕೊನೆಗೆ ನೋಡಿದರೆ ಒಳಗಿನ ಬಿಲ್ಲೆ ಸೆಲ್ ಖಾಲಿಯಾಗಿ ಯಂತ್ರದ ತಾರೀಖು 2008ಕ್ಕೆ ಹೋಗಿತ್ತು. ವೆಬ್‌ಸೈಟುಗಳ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರುತ್ತದಲ್ಲ, 2008ರಲ್ಲಿ ಕೂತ ಯಂತ್ರಕ್ಕೆ ಅವೆಲ್ಲ ಇನ್ನೂ ಹುಟ್ಟೇ ಇರಲಿಲ್ಲ. ಸೆಲ್ ಬದಲಿಸಿ ತಾರೀಖು ಸರಿಮಾಡಿದ್ದೇ ಎಲ್ಲ ಸರಿಹೋಯಿತು.

ಎರಡು ವಾರಾಂತ್ಯದಲ್ಲಿ ಯಂತ್ರ ರೆಡಿ. ಇಲ್ಲಿಂದ ಮುಂದೆ ನನ್ನ ತಕರಾರು ಶುರು. ತಕರಾರು ಯಂತ್ರದ ಮೇಲಲ್ಲ, ನಾವು ಅದರೊಳಗೆ ಕೂರಿಸಿದ ಕನ್ನಡದ ಮೇಲೆ.

ಚಿಕ್ಕಪ್ಪ ಕನ್ನಡದ ಮಾಸ್ತರು, ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರಿಗೆ ಅನುಕೂಲ ಆಗಲಿ ಅಂತ ಮೆನು, ಸೂಚನೆ ಎಲ್ಲವನ್ನೂ ಕನ್ನಡಕ್ಕೆ ಬದಲಿಸಿದೆ. ಮೊದಲ ನೋಟಕ್ಕೆ ಖುಷಿಯಾಯಿತು ನೋಡಿ. ಕಡತ, ನೋಟ, ಅಂಟಿಸು. ಅಂಕೋಲೆಯ ಮನೆಯಲ್ಲಿ ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಒಂದೊಂದೇ ಓದುತ್ತಾ ಹೋದರು. ಹಳೇ ಡಿಸ್ಕಿನ ಡಬ್ಬಿ ಚುಚ್ಚಿದೆ. ಒಂದು ಕಿಟಕಿ ಬಂತು: ‘ಆರೋಹಿಸಲು ಸಾಧ್ಯವಾಗಿಲ್ಲ’.

‘ಏರೂದು ಯಾರು? ಎಲ್ಲಿಗೆ?’ ಅಂದರು ಚಿಕ್ಕಪ್ಪ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಂಡಾಗ ಹೊಳೆಯಿತು: ಓ, ಇದು ‘ಮೌಂಟ್’! ಗುಡ್ಡ ಹತ್ತುವುದಕ್ಕೂ ಅದೇ ಪದ, ಡಿಸ್ಕನ್ನು ಓದಲು ಜೋಡಿಸಿಕೊಳ್ಳುವುದಕ್ಕೂ ಅದೇ ಪದ. ಅನುವಾದ ಮಾಡಿದವರು ನಿಘಂಟಿನ ಮೊದಲ ಅರ್ಥ ಹಿಡಿದು ಗುಡ್ಡ ಹತ್ತಿಸಿದ್ದಾರೆ. ‘ಈ ಡಿಸ್ಕನ್ನು ತೆರೆಯೋಕೆ ಆಗ್ತಾ ಇಲ್ಲ’ ಅಂದಿದ್ದರೆ ಮುಗಿದಿತ್ತು. ಧ್ವಜಾರೋಹಣ ಅಂತ ವರ್ಷಕ್ಕೆ ಎರಡು ಸಲ ಬೋರ್ಡಿನ ಮೇಲೆ ಬರೆದ ಮಾಸ್ತರಿಗೆ ಆ ಪದ ಗೊತ್ತಿಲ್ಲ ಅಂತಲ್ಲ. ಪದ ಗೊತ್ತಿದ್ದರಿಂದಲೇ ಗಲಿಬಿಲಿ.

ಆಮೇಲೆ ಹುಡುಕಿದ ಹಾಗೆ ಸಿಗುತ್ತಾ ಹೋದವು. ಪಾಸ್‌ವರ್ಡ್ ಅಂತ ಎಟಿಎಂ ಮುಂದೆ ನಿಂತ ಅಜ್ಜಿಯೂ ಹೇಳುವಾಗ ಇಲ್ಲಿ ‘ಗುಪ್ತಪದ’. ಇನ್‌ಸ್ಟಾಲ್ ಅನ್ನುವಲ್ಲಿ ‘ಅನುಸ್ಥಾಪಿಸು’. ಡೀಫಾಲ್ಟ್ ಅನ್ನುವಲ್ಲಿ ‘ಪೂರ್ವನಿಯೋಜಿತ’. ಸಂಸ್ಕೃತದ ಪದ ಅಂತ ನನಗೆ ಕೋಪ ಇಲ್ಲ, ‘ಕಡತ’ ಹಳೇ ಕನ್ನಡದ ಚೆಂದದ ಪದ, ಕೂಡಲೇ ಒಪ್ಪಿದೆ. ಕೋಪ ಇರುವುದು ಬೇರೆ ಕಡೆ. ಸಾಮಾನ್ಯ ಮೆನುಗಳೆಲ್ಲ ಕನ್ನಡದಲ್ಲಿದ್ದರೂ ಏನಾದರೂ ಎಡವಟ್ಟಾದಾಗ ಬರುವ ವಿವರ ಹಲವು ಸಲ ಇಂಗ್ಲಿಷಿನಲ್ಲೇ ಉಳಿದಿರುತ್ತದೆ. ಎಲ್ಲ ಸರಿಯಿರುವಾಗ ಕನ್ನಡ, ಕಷ್ಟ ಬಂದಾಗ ಇಂಗ್ಲಿಷ್. ಹೊಸಬರಿಗೆ ಕನ್ನಡ ಬೇಕಾಗುವುದೇ ಕಷ್ಟ ಬಂದಾಗ ಅಲ್ವಾ?

ಇದನ್ನೆಲ್ಲ ಅನುವಾದಿಸಿದವರನ್ನು ಬೈಯುವುದು ಸುಲಭ. ಬೈಯಬಾರದು. ಇದರಲ್ಲಿ ಬಹಳಷ್ಟು ಕೆಲಸ ಮಾಡಿದವರು ಸ್ವಯಂಸೇವಕರು. ಅವರ ಮುಂದೆ ಬರುವುದು ಪರದೆ ಅಲ್ಲ, ಪದಗಳ ಉದ್ದ ಪಟ್ಟಿ. ಈ ವಾಕ್ಯ ಎಲ್ಲಿ, ಯಾವಾಗ, ಯಾರ ಮುಂದೆ ಬರುತ್ತದೆ ಅಂತ ಗೊತ್ತಾಗದೇ ಸಾವಿರಾರು ಸಾಲು ಕನ್ನಡಿಸಬೇಕು. ತಪ್ಪು ತೋರಿಸಿ ವಾಪಸ್ ಹೇಳಬೇಕಾದವರು ಬಳಸುವವರು. ಬಳಸುವವರು ಯಾರು? ಕನ್ನಡ ಆಯ್ಕೆ ಕೊಡಿ ಅಂತ ಬ್ಯಾಂಕಿಗೆ, ಮೆಟ್ರೋಗೆ, ಆ್ಯಪಿಗೆ ಗಟ್ಟಿಯಾಗಿ ಕೇಳುವವರು ನಾವು. ಆಯ್ಕೆ ಬಂದ ಮೇಲೆ ಒತ್ತದವರೂ ನಾವೇ. ನನ್ನ ಫೋನು ಇವತ್ತಿಗೂ ಇಂಗ್ಲಿಷಿನಲ್ಲೇ ಇದೆ. ಕನ್ನಡ ‘ಇದೆ’ ಅಂತ ಕಂಡರೆ ನಮಗೆ ಸಾಕಾಗಿದೆ.

ಕಂಡರೆ ಸಾಕು ಅನ್ನುವ ಈ ಗುಣ ಎಷ್ಟು ಹಳೆಯದು ಅಂತ ಗೊತ್ತಾಗಿದ್ದು ಮರುದಿನ.

ಎಕ್ಸ್‌ಪಿ ಸರಿಯಾಗಿ ಮುಚ್ಚದೆ ಸತ್ತಿದ್ದರಿಂದ ಆ ಡಿಸ್ಕು ‘ಆರೋಹಿಸಲು’ ಹಟ ಮಾಡುತ್ತಿತ್ತು. ಆಫೀಸಿನ ಗೆಳತಿಯೊಬ್ಬಳು ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಬರೀ ಓದುವುದಕ್ಕೆ ಮಾತ್ರ ತೆರೆದು ಎಲ್ಲ ಕಡತಗಳ ಪ್ರತಿ ಇಳಿಸಿಕೊಂಡೆ. ಅರಗಾದ ಕಡತ ಸಿಕ್ಕಿತು. ತೆರೆದರೆ ಕನ್ನಡವೇ ಇಲ್ಲ! ಕನ್ನಡ ಅಂತ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಓರೆಗೆರೆ ಹೊತ್ತ ಎ, ನಡುವೆ ಒಂದು ಪೌಂಡಿನ ಗುರುತು. ಪುಟಗಟ್ಟಲೆ ಹಾಗೇ. ಚಿಕ್ಕಪ್ಪನ ಮುಖ ನೋಡೋಕಾಗಲಿಲ್ಲ. ‘ಹೋಯ್ತು, ಅಲ್ದನಾ?’ ಅಂದರು.

ಹೋಗಿರಲಿಲ್ಲ. ಅದು ನುಡಿಯಲ್ಲಿ ಟೈಪ್ ಮಾಡಿದ್ದು. ನುಡಿ ಅಂದರೆ ಕನ್ನಡ ಗಣಕ ಪರಿಷತ್ತಿನ ತಂತ್ರಾಂಶ. ಬರಹ 1998ರಲ್ಲಿ ಬಂತು, ನುಡಿ ಅದರ ಬೆನ್ನಿಗೇ. ಆ ಕಾಲದ ಕಂಪ್ಯೂಟರಿಗೆ ಕನ್ನಡದ ಒತ್ತು, ಗುಣಿತ ಜೋಡಿಸುವುದು ಬರುತ್ತಿರಲಿಲ್ಲ. ಅದಕ್ಕೆ ಒಂದು ಉಪಾಯ ಹೂಡಿದರು. ಒಳಗೆ ಇಂಗ್ಲಿಷ್ ಅಕ್ಷರಗಳನ್ನೇ ಇಟ್ಟು, ಫಾಂಟಿನಲ್ಲಿ ಆ ಅಕ್ಷರದ ಜಾಗಕ್ಕೆ ಕನ್ನಡದ ಚೂರುಗಳ ಚಿತ್ರ ಬರೆದರು. ನೋಡುವವರಿಗೆ ಕನ್ನಡ, ಯಂತ್ರದ ಲೆಕ್ಕಕ್ಕೆ ಪಿ ಮತ್ತು ಪೌಂಡು. ಫಾಂಟು ಹೋಯಿತೋ, ವೇಷ ಕಳಚಿತು.

ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ. ಬರಹ, ನುಡಿ ಇಲ್ಲದಿದ್ದರೆ ಚಿಕ್ಕಪ್ಪನಂಥವರು ಕೀಬೋರ್ಡ್ ಮುಟ್ಟುತ್ತಲೇ ಇರಲಿಲ್ಲ. ನನ್ನ ಆಕ್ಷೇಪ ಉಪಾಯ ಹೂಡಿದ್ದಕ್ಕಲ್ಲ, ಉಪಾಯದಲ್ಲೇ ಉಳಿದುಬಿಟ್ಟದ್ದಕ್ಕೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. 2001ರ ಎಕ್ಸ್‌ಪಿ ತುಂಗಾ ಅನ್ನುವ ಕನ್ನಡ ಫಾಂಟಿನ ಜೊತೆಗೇ ಬಂದಿತ್ತು. ಮುಂದೆ ನುಡಿಯೇ ಯೂನಿಕೋಡ್ ಆಯ್ಕೆ ಕೊಟ್ಟಿತು. ಆದರೂ 2012ರಲ್ಲಿ ಚಿಕ್ಕಪ್ಪನಿಗೆ ಕಲಿಸಿದವರು ಹಳೇ ವಿಧಾನವನ್ನೇ ಕಲಿಸಿದರು, ಪ್ರೆಸ್ಸಿನವರಿಗೆ ಅದೇ ಬೇಕು ಅಂತ. ಪುಟ ಕಟ್ಟುವ ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಆಗಿಬರುತ್ತಿರಲಿಲ್ಲ. ಕಾಗದದ ಮೇಲೆ ಚೆಂದ ಕಂಡರೆ ಮುಗೀತು, ಕಡತ ಹತ್ತು ವರ್ಷದ ನಂತರ ಏನಾದರೆ ಯಾರಿಗೇನು!

ನಾನು ಮೊದಲು ಮಾಡಿದ್ದೂ ಅದೇ ತಪ್ಪು. ನುಡಿಯ ಫಾಂಟು ತಂದು ಹಾಕಿದೆ. ಕನ್ನಡ ಕಂಡಿತು, ಚಿಕ್ಕಪ್ಪನ ಕಣ್ಣು ತುಂಬಿತು, ಕೆಲಸ ಮುಗಿಯಿತು ಅಂದುಕೊಂಡೆ. ಆಮೇಲೆ ಸುಮ್ಮನೆ ಹುಡುಕುವ ಪೆಟ್ಟಿಗೆಯಲ್ಲಿ ‘ಅರಗಾ’ ಅಂತ ಟೈಪ್ ಮಾಡಿದೆ. ಸಿಗಲಿಲ್ಲ. ಪರದೆಯ ಮೇಲೆ ಊರಿನ ಹೆಸರು ನನ್ನ ಕಣ್ಣೆದುರೇ ನಾಲ್ಕು ಕಡೆ ಇದೆ, ಯಂತ್ರ ‘ಇಲ್ಲ’ ಅನ್ನುತ್ತಿದೆ. ಅದರ ಪಾಲಿಗೆ ಇದ್ದದ್ದು ಅರಗಾದ ಒಂದು ಚಿತ್ರ ಮಾತ್ರ.

ಹಾಗಾದರೆ ಯಾವುದೂ ಸರಿಯಿಲ್ಲವಾ? ಇದೆ. ಎರಡು ಹೇಳಲೇಬೇಕು.

ಒಂದು, ಅರವಿಂದ ವಿ.ಕೆ. ಬರೆದು ಎಲ್ಲರಿಗೂ ತೆರೆದಿಟ್ಟ ಪರಿವರ್ತಕ. ನುಡಿಯ ಪಠ್ಯ ಆ ಕಡೆ ಹಾಕಿದರೆ ಯೂನಿಕೋಡ್ ಈ ಕಡೆ ಬರುತ್ತದೆ. ಅರಗಾದ ಅಷ್ಟೂ ಪುಟ ಕೆಲವೇ ನಿಮಿಷದಲ್ಲಿ ನಿಜವಾದ ಅಕ್ಷರವಾಯಿತು. ಮತ್ತೆ ಹುಡುಕಿದೆ. ‘ಅರಗಾ’ 61 ಕಡೆ.

ಇನ್ನೊಂದು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ‘ಕೆ’, ‘ಎಫ್’, ‘ಕೆ’ ಒತ್ತಿದರೆ ‘ಕ್ಕ’. ಒತ್ತಕ್ಷರಕ್ಕೆ ಬೇರೆ ಕೀಲಿಯೇ ಬೇಡ, ಎರಡು ವ್ಯಂಜನದ ನಡುವೆ ಕೊಂಡಿ ಹಾಕಿದರೆ ಆಯಿತು. ಇದನ್ನು ಚಿತ್ರ ನೋಡಿ ಮಾಡಿದ್ದಲ್ಲ, ಕನ್ನಡದ ಅಕ್ಷರ ಹೇಗೆ ಕೂಡುತ್ತದೆ ಅಂತ ಯೋಚಿಸಿ ಮಾಡಿದ್ದು. ಅದಕ್ಕೇ ಎಕ್ಸ್‌ಪಿ ಸತ್ತರೂ, ಹಳೇ ಫಾಂಟು ಹೋದರೂ ಇದು ಸಾಯಲಿಲ್ಲ. ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲಿ ‘ಕಗಪ’ ಅನ್ನುವ ಹೆಸರಿನಲ್ಲಿ ಕೂತಿದೆ. ಆರಿಸಿ ಕೊಟ್ಟೆ. ಚಿಕ್ಕಪ್ಪನ ಬೆರಳುಗಳು ಐದು ವರ್ಷದ ನಂತರವೂ ಒಂದನ್ನೂ ಮರೆತಿರಲಿಲ್ಲ. ಮೆನುವಿನಲ್ಲಿರುವ ಅಷ್ಟೂ ಅನುವಾದಕ್ಕಿಂತ ಈ ಒಂದು ‘ಎಫ್’ ಕೀಲಿ ಅವರಿಗೆ ಹೆಚ್ಚು ಕನ್ನಡ.

ಪೂರ್ತಿ ಸುಖಾಂತ ಅಂತ ಹೇಳಲಾರೆ. ಅಂತರ್ಜಾಲದ ವಿಡಿಯೊ ನೋಡಲು ಹೊರಟರೆ ಲ್ಯಾಪ್‌ಟಾಪು ಏದುಸಿರು ಬಿಡುತ್ತದೆ. ಬ್ಯಾಟರಿ ಸತ್ತೇ ಇದೆ, ಕರೆಂಟ್ ಹೋದರೆ ಯಂತ್ರವೂ ಹೋಯಿತು. ಅಂಕೋಲೆಯ ಮಳೆಗಾಲದಲ್ಲಿ ಅದು ಎಷ್ಟು ಸಲ ಅಂತ ಕೇಳಬೇಡಿ. ಪರಿವರ್ತನೆಯಲ್ಲಿ ಕೆಲವು ಕಡೆ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರಿ ಕೂತಿದೆ. ಎರಡು ಕಡತ ಏನು ಮಾಡಿದರೂ ತೆರೆಯಲಿಲ್ಲ. ಒಂದರಲ್ಲಿ ಬಾವಿಗಳ ಪಟ್ಟಿ ಇತ್ತಂತೆ.

ಈಗ ಚಿಕ್ಕಪ್ಪ ದಿನಾ ಬೆಳಿಗ್ಗೆ ಚಾ ಕುಡಿದು ಅರ್ಕಾವೊತ್ತು ತಿದ್ದುತ್ತಾರೆ, ಮಕ್ಕಳ ಕಾಪಿ ತಿದ್ದಿದ ಹಾಗೆ. ಬಾವಿಗಳನ್ನು ನೆನಪಿನಿಂದ ಮತ್ತೆ ಬರೆಯುತ್ತಿದ್ದಾರೆ. ಮೊನ್ನೆ ಫೋನ್ ಮಾಡಿ, ‘ತಂಗೀ, ಹನ್ನೊಂದು ನೆನಪಾಯ್ತು, ಹನ್ನೆರಡನೇದು ಯಾರ ಹಿತ್ತಲಲ್ಲಿತ್ತು ನಿನ್ನ ಅಪ್ಪನ ಹತ್ರ ಕೇಳು’ ಅಂದರು. ಅಪ್ಪನಿಗೂ ನೆನಪಿಲ್ಲ.

ನಿಮ್ಮ ಊರಿನ ಮನೆಯ ಕಪಾಟಿನ ಮೇಲೂ ಚಾದರದಲ್ಲಿ ಸುತ್ತಿದ ಇಂಥದ್ದೊಂದು ಇರಬಹುದು. ಮುಂದಿನ ಸಲ ಊರಿಗೆ ಹೋದಾಗ ಇಳಿಸಿ, ಒಳಗಿನದನ್ನು ಯೂನಿಕೋಡ್ ಮಾಡಿ, ಬರೆದವರು ಇರುವಾಗಲೇ. ಹೋಗುವಾಗ ಒಂದು ಪೆನ್ಸಿಲ್ ರಬ್ಬರ್ ತಗೊಂಡು ಹೋಗಿ.