ಹೂವು ಬರುವುದಿಲ್ಲ, ನಾವೇ ಹೋಗಬೇಕು

ಡೇಲಿಲಿಯ ಹೂವನ್ನು ಯಾರಿಗೂ ಕಳಿಸಿಕೊಡಲು ಆಗುವುದಿಲ್ಲ. ಬೆಳಗ್ಗೆ ಅರಳಿದ್ದು ಸಂಜೆಗೆ ಬಾಡುತ್ತದೆ, ಮರುದಿನ ಮೆತ್ತಗಾಗಿ ದಂಟಿಗೆ ಜೋತುಬಿದ್ದಿರುತ್ತದೆ. ಅದರ ಬೇರಿನ ಸ್ವಭಾವ ಇದಕ್ಕೆ ತೀರಾ ವಿರುದ್ಧ. ಮಣ್ಣು ಕೊಡವಿ, ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ, ಹಳೆಯ ಪೇಪರಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟರೆ ವಾರ ಕಳೆದರೂ ಜೀವ ಹಿಡಿದುಕೊಂಡಿರುತ್ತದೆ. ಅಮೆರಿಕದಲ್ಲಿ ಈ ಗಿಡದ ಸುತ್ತ ಬೆಳೆದಿರುವ ದೊಡ್ಡ ಸ್ನೇಹಬಳಗವನ್ನು ಕಂಡಾಗಲೆಲ್ಲ, ಅದು ಹುಟ್ಟಿದ್ದೇ ಈ ಎರಡು ಗುಣಗಳಿಂದ ಎಂದು ನನಗೆ ಅನ್ನಿಸುತ್ತದೆ. ಬೇರು ಅಂಚೆಯಲ್ಲಿ ಊರೂರು ಸುತ್ತುತ್ತದೆ. ಹೂವನ್ನು ಕಾಣಬೇಕೆಂದರೆ ಮನುಷ್ಯರೇ ಹೊರಡಬೇಕು.

ಬ್ರಹ್ಮಕಮಲ ಅರಳುವ ರಾತ್ರಿ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು, ಗಿಡದ ಮುಂದೆ ಕೂತು ಕಾಯುವ ಸಡಗರ ನಮ್ಮ ಬೀದಿಗಳಿಗೆ ಗೊತ್ತಿದೆ. ಡೇಲಿಲಿಯವರ ಸಡಗರವೂ ಅಂಥದ್ದೇ. ಆದರೆ ಅದು ಹಗಲಿನದು, ಕರೆ ಹೋಗುವುದು ಪಕ್ಕದ ಮನೆಗಲ್ಲ, ಸಾವಿರ ಮೈಲಿ ಆಚೆಗೆ.

ಡೇಲಿಲಿಯ ತವರು ಪೂರ್ವ ಏಷ್ಯಾ. ಚೀನಾದಲ್ಲಿ ಅದರ ಮೊಗ್ಗನ್ನು ಒಣಗಿಸಿ ಅಡುಗೆಗೆ ಬಳಸುತ್ತಾರೆ. ದೂರದೂರಿಗೆ ಹೊರಟ ಮಗ ತಾಯಿಯ ಕೋಣೆಯ ಮುಂದೆ ಈ ಗಿಡ ನೆಟ್ಟು ಹೋಗುತ್ತಿದ್ದ, ಅದನ್ನು ನೋಡಿ ಆಕೆ ಅಗಲಿಕೆಯ ದುಃಖ ಮರೆಯಲಿ ಎಂದು ಅಲ್ಲಿನ ಹಳೆಯ ಸಂಪ್ರದಾಯ ಹೇಳುತ್ತದೆ. ಪ್ರಯಾಣದ ಜೊತೆ ಈ ಗಿಡಕ್ಕಿರುವ ನಂಟು ಅಷ್ಟು ಹಿಂದಿನದು. 16ನೇ ಶತಮಾನದ ಹೊತ್ತಿಗೆ ಯುರೋಪಿನ ತೋಟಗಳಲ್ಲಿ ಒಂದು ಕಿತ್ತಳೆ ಬಣ್ಣದ ಜಾತಿ ನೆಲೆಯಾಗಿತ್ತು, ವಲಸೆಗಾರರ ಜೊತೆ ಅದು ಅಮೆರಿಕಕ್ಕೂ ಬಂತು. ಇವತ್ತು ಅಲ್ಲಿನ ಹಳ್ಳಿಯ ರಸ್ತೆಗಳ ಇಕ್ಕೆಲದಲ್ಲಿ, ಪಾಳುಬಿದ್ದ ಮನೆಗಳ ಮುಂದೆ ಅದು ಸಾಲುಸಾಲಾಗಿ ಅರಳುತ್ತದೆ. ಸೋಜಿಗವೆಂದರೆ ಅದು ಬೀಜ ಕಟ್ಟುವ ಗಿಡವಲ್ಲ. ಅದರ ವರ್ಣತಂತುಗಳು ಎರಡೆರಡರ ಬದಲು ಮೂರು ಮೂರಾಗಿ ಬಂದಿರುವುದರಿಂದ ಕಾಯಿ ನಿಲ್ಲುವುದಿಲ್ಲ. ಹೀಗಿದ್ದೂ ಅದು ಒಂದು ಖಂಡವನ್ನು ತುಂಬಿದ್ದು ಹೇಗೆ? ಬಹುಪಾಲು ಕೈಯಿಂದ ಕೈಗೆ. ಒಬ್ಬಾಕೆ ಹಿತ್ತಲಿನಿಂದ ಒಂದು ಹಿಳ್ಳು ಕಿತ್ತು ಇನ್ನೊಬ್ಬಾಕೆಗೆ ಕೊಟ್ಟಳು, ಆಕೆ ಮದುವೆಯಾಗಿ ಪಶ್ಚಿಮಕ್ಕೆ ಹೋಗುವ ಮಗಳಿಗೆ ಕೊಟ್ಟಳು, ಹೀಗೆ.

ಯಾಕೆ ಬೀಜ ಕಟ್ಟುವುದಿಲ್ಲ ಎಂಬ ಪ್ರಶ್ನೆ ವಿಸ್ಕಾನ್ಸಿನ್‌ನ ಆಲ್ಬಿಯನ್ ಎಂಬ ಊರಿನ ಹುಡುಗನೊಬ್ಬನ ತಲೆಯೊಳಗೆ ಹೊಕ್ಕಿತು. ಆತ ಆರ್ಲೋ ಬರ್ಡೆಟ್ ಸ್ಟೌಟ್. ಮುಂದೆ 1911ರಲ್ಲಿ ನ್ಯೂಯಾರ್ಕ್ ಬೊಟಾನಿಕಲ್ ಗಾರ್ಡನ್ ಸೇರಿ, ಮೂರು ದಶಕಕ್ಕೂ ಹೆಚ್ಚು ಕಾಲ ಆ ಪ್ರಶ್ನೆಯ ಬೆನ್ನು ಬಿಡಲಿಲ್ಲ. ಆದರೆ ಸ್ಟೌಟ್‌ನ ಕೆಲಸ ಒಬ್ಬನದಲ್ಲ. ಚೀನಾದ ನಾನ್‌ಕಿಂಗ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಆಲ್ಬರ್ಟ್ ಸ್ಟೀವರ್ಡ್ 1920ರ ದಶಕದಲ್ಲಿ ಬೆಟ್ಟಗುಡ್ಡ ಸುತ್ತಿ, ಕಂಡ ಡೇಲಿಲಿಗಳ ಬೇರನ್ನೂ ಬೀಜವನ್ನೂ ನ್ಯೂಯಾರ್ಕಿಗೆ ಕಳಿಸುತ್ತಲೇ ಇದ್ದರು. ಅವುಗಳ ನಡುವೆ ತಿಳಿಗುಲಾಬಿ ಬಣ್ಣದ್ದೊಂದು ಇತ್ತು. ಅಲ್ಲಿಯವರೆಗೆ ಹಳದಿ, ಕಿತ್ತಳೆ ಬಿಟ್ಟು ಬೇರೆ ಬಣ್ಣವೇ ಇಲ್ಲವೆನ್ನುವಂತಿದ್ದ ತೋಟಗಳಿಗೆ ಗುಲಾಬಿ ಬಂದದ್ದು ಆ ಗಿಡದಿಂದ. ಇವತ್ತು ಯಾರ ಹಿತ್ತಲಲ್ಲಿ ಗುಲಾಬಿ ಡೇಲಿಲಿ ಕಂಡರೂ ಸಮುದ್ರದ ಈಚೆ ಆಚೆ ಇದ್ದು ಗಿಡ, ಪತ್ರ ಹಂಚಿಕೊಂಡ ಆ ಇಬ್ಬರು ನನಗೆ ನೆನಪಾಗುತ್ತಾರೆ. ಡೇಲಿಲಿ ತಳಿಗೆ ಸಿಗುವ ಅತ್ಯುನ್ನತ ಪದಕ ಈಗ ಸ್ಟೌಟ್ ಹೆಸರಿನಲ್ಲಿದೆ.

ಬಳಗ ಸಂಘವಾದದ್ದು ಬಾನುಲಿಯಿಂದ. ಅಯೋವಾದ ಶೆನಾಂಡೋವಾ ಎಂಬ ಪುಟ್ಟ ಊರಿನಲ್ಲಿ ಬೀಜದ ವ್ಯಾಪಾರಿ ಹೆನ್ರಿ ಫೀಲ್ಡ್ ಒಂದು ರೇಡಿಯೊ ಕೇಂದ್ರ ನಡೆಸುತ್ತಿದ್ದರು. ಅದರಲ್ಲಿ ತೋಟದ ಮಾತಾಡುತ್ತಿದ್ದವರು ಅವರ ತಂಗಿ ಹೆಲೆನ್ ಫೀಲ್ಡ್ ಫಿಶರ್. ಮೆಕ್ಕೆಜೋಳದ ಹೊಲಗಳ ನಡುವೆ ಒಂಟಿ ಮನೆಗಳಲ್ಲಿದ್ದ ಹೆಂಗಸರಿಗೆ ಆ ದನಿ ದಿನದ ಒಡನಾಡಿ. 1946ರಲ್ಲಿ ಅವರು ಕರೆದಾಗ ಜನ ಶೆನಾಂಡೋವಾಗೆ ಬಂದು ಸೇರಿದರು, ಇಂದಿನ ಅಮೆರಿಕನ್ ಡೇಲಿಲಿ ಸೊಸೈಟಿಯ ಮೊದಲ ಸಭೆ ಅದು. ಈ ಸದಸ್ಯರಲ್ಲಿ ಬೆಳೆದ ‘ರಾಬಿನ್’ ಪದ್ಧತಿ ನನಗೆ ಬಲು ಇಷ್ಟ. ಕೆಲವರು ಸೇರಿ ಒಂದು ಸರಪಳಿ ಮಾಡಿಕೊಳ್ಳುತ್ತಿದ್ದರು. ಎಲ್ಲರ ಪತ್ರಗಳ ಒಂದು ಕಟ್ಟು ಮನೆಯಿಂದ ಮನೆಗೆ ಅಂಚೆಯಲ್ಲಿ ಸುತ್ತುತ್ತಿತ್ತು. ಕಟ್ಟು ಕೈಗೆ ಬಂದವರು ಎಲ್ಲವನ್ನೂ ಓದಿ, ತಮ್ಮ ಹಳೆಯ ಪತ್ರ ತೆಗೆದು ಹೊಸದನ್ನಿಟ್ಟು ಮುಂದಿನವರಿಗೆ ಕಳಿಸುತ್ತಿದ್ದರು. ಯಾವ ಗಿಡ ಹಿಮಕ್ಕೆ ಸತ್ತಿತು, ಯಾವುದು ಉಳಿಯಿತು ಎಂಬುದರ ಜೊತೆಗೆ ಮೊಮ್ಮಗು ಹುಟ್ಟಿದ್ದು, ಗಂಡನಿಗೆ ಕಾಯಿಲೆಯಾದದ್ದು, ಮನೆ ಬದಲಿಸಿದ್ದು ಎಲ್ಲ ಆ ಕಟ್ಟಿನಲ್ಲಿ ಬರುತ್ತಿತ್ತು. ಹೀಗೆ ವರ್ಷಗಟ್ಟಲೆ ಬರೆದುಕೊಂಡವರು ಒಂದು ಬೇಸಿಗೆಯಲ್ಲಿ ಕಾರು ಹತ್ತಿ ಹೊರಟು ಮುಖ ನೋಡುತ್ತಿದ್ದರು. ಆ ಹೊತ್ತಿಗೆ ಪರಿಚಯ ಹೇಳಿಕೊಳ್ಳುವ ಅಗತ್ಯವೇ ಇರುತ್ತಿರಲಿಲ್ಲ.

ಜೂನ್ ತಿಂಗಳಲ್ಲಿ ಉತ್ತರ ಕೆರೊಲಿನಾದ ಇಂಥದೊಂದು ಹಿತ್ತಲು ನೋಡುವ ಭಾಗ್ಯ ನನ್ನದಾಗಿತ್ತು. ಯಜಮಾನಿ ಎಪ್ಪತ್ತು ದಾಟಿದವರು, ನಿವೃತ್ತ ಶಾಲಾ ಶಿಕ್ಷಕಿ. ನಾವು ಹೋಗುವ ಹೊತ್ತಿಗೆ ಬಕೆಟ್ ಹಿಡಿದು ಸಾಲಿನಿಂದ ಸಾಲಿಗೆ ನಡೆಯುತ್ತ ಹಿಂದಿನ ದಿನದ ಹೂವುಗಳನ್ನು ಕೀಳುತ್ತಿದ್ದರು. ಬಂದವರ ಕಣ್ಣಿಗೆ ಆ ದಿನದ ಹೂವು ಮಾತ್ರ ಬೀಳಬೇಕೆಂಬುದು ಈ ಜನರ ಅತಿಥಿಸತ್ಕಾರ. ಕಡುಗೆಂಪು, ನೇರಳೆ ಹೂವುಗಳ ರಸ ಹತ್ತಿ ಅವರ ಬೆರಳ ತುದಿಗಳೆಲ್ಲ ಕಪ್ಪು ನೇರಳೆಯಾಗಿದ್ದವು. ಓಹಾಯೊದಿಂದ ರಾತ್ರಿಯಿಡೀ ಕಾರು ಓಡಿಸಿಕೊಂಡು ಬಂದಿದ್ದ ದಂಪತಿ, ಕಾಫಿ ಲೋಟ ಕೆಳಗಿಟ್ಟು ಇನ್ನೊಂದು ಬಕೆಟ್ ಎತ್ತಿಕೊಂಡು ಎರಡನೇ ಸಾಲು ಹಿಡಿದರು. ಯಾರೂ ಅವರಿಗೆ ಹೇಳಿರಲಿಲ್ಲ. “ಆ ಕೊನೇ ಸಾಲು ಮೊದಲು ನೋಡಿಬಿಡಿ, ಬಿಸಿಲೇರಿದರೆ ಕಪ್ಪು ಬಣ್ಣದವು ನಿಲ್ಲೋದಿಲ್ಲ” ಎಂದರು ಯಜಮಾನಿ.

ಕೊನೇ ಸಾಲಿನಲ್ಲಿದ್ದದ್ದು ದ್ರಾಕ್ಷಾರಸದ ಬಣ್ಣದ ಹೂವು, ಅಂಗೈ ಮುಚ್ಚುವಷ್ಟು ದೊಡ್ಡದು. ಮೂರು ಎಸಳು ಅಗಲ, ಅವುಗಳ ಹಿಂದಿನ ಮೂರು ಕಿರಿದು. ಅಂಚಿನ ಕಡೆ ಕಪ್ಪೇ ಎನ್ನುವಷ್ಟು ಗಾಢ, ಒಳಕ್ಕೆ ಬಂದಂತೆ ಕೆಂಪು, ಆಮೇಲೆ ಒಂದು ಕಿರಿದಾದ ಹಳದಿ ಪಟ್ಟಿ, ತೀರಾ ಒಳಗೆ ಗಂಟಲಲ್ಲಿ ಎಳೆ ಹಸಿರು. ಬಿಸಿಲು ಓರೆಯಾಗಿ ಬಿದ್ದಾಗ ಎಸಳಿನ ಮೇಲೆ ಸಣ್ಣ ಸಣ್ಣ ಮಿನುಗು. ಆರು ಕೇಸರಗಳು ಮೇಲಕ್ಕೆ ಬಾಗಿ ನಿಂತಿದ್ದರೆ ಶಲಾಕೆ ಅವನ್ನೂ ಮೀರಿ ಮುಂದಕ್ಕೆ ಚಾಚಿಕೊಂಡಿತ್ತು. ಓಹಾಯೊದ ಅತಿಥಿ ಅನುಮತಿ ಕೇಳಿ ಒಂದು ಕೇಸರ ಕಿತ್ತರು, ಎರಡು ಸಾಲು ಆಚೆಯ ಕೆನೆಬಣ್ಣದ ಹೂವಿನ ಶಲಾಕೆಯ ತುದಿಗೆ ಪರಾಗ ಸವರಿ, ಕೆಳಗೊಂದು ಚೀಟಿ ಕಟ್ಟಿದರು. ಕಾಯಿ ಮಾಗಲು ಒಂದೂವರೆ ಎರಡು ತಿಂಗಳು. ಕಪ್ಪನೆ ಹೊಳೆಯುವ ಬೀಜ ಬಿತ್ತಿ ಮೊದಲ ಹೂ ನೋಡಲು ಮತ್ತೆ ಎರಡು ಮೂರು ವರ್ಷ. ಒಂದೇ ಕಾಯಿಯ ಬೀಜಗಳಲ್ಲೂ ಒಂದರಂತೆ ಇನ್ನೊಂದು ಇರುವುದಿಲ್ಲ. ಆದ್ದರಿಂದ ಆ ಮೊದಲ ಹೂವಿನ ಬೆಳಗ್ಗೆ ಫೋನ್ ಕರೆಗಳು ಬಿಡುವಿಲ್ಲದೆ ಓಡಾಡುತ್ತವೆ.

ಹೂವಿನ ಋತು ಕೂಡ ಪ್ರಯಾಣಿಸುತ್ತದೆ. ಫ್ಲಾರಿಡಾದಲ್ಲಿ ಮೇ, ಕೆರೊಲಿನಾಗಳಲ್ಲಿ ಜೂನ್, ಅಯೋವಾ ಓಹಾಯೊಗಳಲ್ಲಿ ಜುಲೈ, ಮಿನೆಸೋಟ ಮತ್ತು ಕೆನಡಾದಲ್ಲಿ ಜುಲೈ ಕೊನೆಯಿಂದ ಆಗಸ್ಟ್. ಬಿಡುವಿದ್ದವರು ಅದರ ಹಿಂದೆಯೇ ಉತ್ತರಕ್ಕೆ ಸಾಗುತ್ತಾರೆ, ರಾತ್ರಿ ಸ್ನೇಹಿತರ ಮನೆಯಲ್ಲಿ ವಸತಿ, ಬೆಳಗ್ಗೆ ತೋಟ. ಸೊಸೈಟಿಯ ರಾಷ್ಟ್ರೀಯ ಸಮಾವೇಶ ಒಂದೊಂದು ಸಲ ಒಂದೊಂದು ಕಡೆ ನಡೆಯುತ್ತದೆ. ತಳಿಗಾರರು ಸುಮಾರು ಎರಡು ವರ್ಷ ಮೊದಲೇ ತಮ್ಮ ಹೊಸ ಗಿಡಗಳನ್ನು ಆ ಊರಿನ ತೋಟಗಳಿಗೆ ಕಳಿಸುತ್ತಾರೆ, ಜನ ಬರುವ ಹೊತ್ತಿಗೆ ಅವು ಬೇರೂರಿ ಪೊದೆಯಾಗಿರಬೇಕಲ್ಲ! ಅವನ್ನು ಅತಿಥಿಗಿಡಗಳೆನ್ನುತ್ತಾರೆ. ಯಾರದೋ ಮಕ್ಕಳನ್ನು ಸಾಕಿಕೊಟ್ಟಷ್ಟೇ ಹೊಣೆ ಅದು, ಕಳೆ ಕಿತ್ತು ನೀರು ಹಾಕುವವರಿಗೆ ಸಿಗುವ ಪ್ರತಿಫಲ ನಾಲ್ಕಾರು ಬಸ್ಸಿನ ಜನ ಬಂದು ನಿಂತು ನೋಡುವುದು. ಬಸ್ಸಿನವರು ಸುತ್ತಿ ಬಂದು, ಕಂಡ ಪೊದೆಗಳಲ್ಲಿ ಅತ್ಯುತ್ತಮವಾದದ್ದಕ್ಕೆ ಮತ ಹಾಕಿ ‘ಪ್ರೆಸಿಡೆಂಟ್ಸ್ ಕಪ್’ ಕೊಡುತ್ತಾರೆ.

ನೋಂದಣಿಯಾದ ತಳಿಗಳು ಎಂಬತ್ತು ಸಾವಿರಕ್ಕೂ ಮೀರಿವೆ. ಆ ಪಟ್ಟಿಯಲ್ಲಿ ಬಹಳಷ್ಟು ಹೆಸರುಗಳ ಪಕ್ಕ ತಂದೆತಾಯಿಯ ಹೆಸರೂ ಇರುತ್ತದೆ. ಓದುತ್ತಾ ಹೋದರೆ ಯಾರ ಗಿಡ ಯಾರ ಮನೆ ಸೇರಿತು ಎಂಬುದೂ ತಿಳಿಯುತ್ತದೆ. ಆರ್ಕನ್ಸಾದ ಸೈಲೋಮ್ ಸ್ಪ್ರಿಂಗ್ಸ್ ಊರಿನ ಪಾಲೀನ್ ಹೆನ್ರಿ ತಮ್ಮ ಗಿಡಗಳಿಗೆಲ್ಲ ಊರಿನ ಹೆಸರು ಸೇರಿಸಿಡುತ್ತಿದ್ದರು. ಅವರ ‘ಸೈಲೋಮ್ ವರ್ಜಿನಿಯಾ ಹೆನ್ಸನ್’ನ ಕಡೆಯಿಂದ ಪ್ಯಾಟ್ರಿಕ್ ಸ್ಟೆಮೀಲ್ ಎಂಬ ತಳಿಗಾರರ ‘ಸ್ಟ್ರಾಬೆರಿ ಕ್ಯಾಂಡಿ’ ಹುಟ್ಟಿತು, 1998ರಲ್ಲಿ ಸ್ಟೌಟ್ ಪದಕ ಪಡೆಯಿತು. ಇತ್ತೀಚಿನ ತಳಿಗಳಲ್ಲಿ ಎಸಳಂಚಿಗೆ ಚಿನ್ನದ ನೆರಿಗೆ, ಹಲ್ಲು, ಜಾಲರಿ ತರುವ ಉತ್ಸಾಹ ಹೆಚ್ಚು. ಚೆಂದವೇ, ಆದರೆ ತಂಪು ಬೆಳಗ್ಗೆಗಳಲ್ಲಿ ಅಷ್ಟು ಭಾರದ ಅಂಚು ಬಿಚ್ಚಿಕೊಳ್ಳಲು ಒದ್ದಾಡುತ್ತದೆ. ನನ್ನ ಮನಸ್ಸು ಹಳೆಯವುಗಳ ಕಡೆಗೇ: 1924ರ ‘ಹೈಪೀರಿಯನ್’ನ ನಿಂಬೆಹಳದಿ, ಅದರ ಪರಿಮಳ. ತಳಿಗಾರ ಬೆಚ್ಟೋಲ್ಡ್‌ನ ‘ಕೈಂಡ್ಲಿ ಲೈಟ್’ನ ಉದ್ದನೆಯ ತೆಳು ಎಸಳು, ಗಾಳಿ ಬಂದರೆ ಇಡೀ ಹೂವೇ ಅಲುಗುತ್ತದೆ.

ಗಿಡ ಓಡಾಡಿದಲ್ಲೆಲ್ಲ ರೋಗವೂ ಓಡಾಡುತ್ತದೆ. 2000ದಲ್ಲಿ ಅಮೆರಿಕದಲ್ಲಿ ಡೇಲಿಲಿಯ ತುಕ್ಕು ರೋಗ ಮೊದಲ ಬಾರಿ ಕಾಣಿಸಿಕೊಂಡಾಗ ಎಲ್ಲರೂ ಗಾಬರಿಯಾದರು. ಕೊಡುವುದು ನಿಲ್ಲಲಿಲ್ಲ, ಕೊಡುವ ರೀತಿ ಬಿಗಿಯಾಯಿತು: ಎಲೆ ಇನ್ನಷ್ಟು ಗಿಡ್ಡ, ಬೇರು ಚೆನ್ನಾಗಿ ತೊಳೆದು, ಬಂದ ಗಿಡವನ್ನು ಸ್ವಲ್ಪ ಕಾಲ ಬೇರೆಯೇ ನೆಟ್ಟು ನೋಡುವುದು.

ಹಳಬರೊಬ್ಬರು ತೀರಿಹೋದಾಗ ಗೆಳೆಯರು ಸಲಿಕೆ ಹಿಡಿದು ಬರುತ್ತಾರೆ. ಮನೆ ಮಾರಾಟವಾಗುವ ಮೊದಲು ಪೊದೆಗಳನ್ನೆಲ್ಲ ಎತ್ತಿ, ಭಾಗ ಮಾಡಿ, ಒಂದು ತಳಿ ಒಂದೇ ತೋಟದಲ್ಲಿ ಉಳಿಯದಂತೆ ಮೂರು ನಾಲ್ಕು ಮನೆಗೆ ಹಂಚಿಕೊಳ್ಳುತ್ತಾರೆ. ಹೆಸರಿನ ಫಲಕ ಕಳೆದುಹೋದ ಗಿಡಗಳದೇ ತೊಡಕು. ಹೂ ಬಂದಾಗ ಗಂಟಲಿನ ಹಸಿರು, ದಂಟಿನ ಎತ್ತರ, ಎಸಳಿನ ಬೆನ್ನಿನ ಬಣ್ಣ ನೋಡಿ ಹೆಸರು ಹಿಡಿಯಬೇಕು. ಒಬ್ಬರು ಒಂದು ಹೆಸರು ಹೇಳುತ್ತಾರೆ, ಇನ್ನೊಬ್ಬರು ಒಪ್ಪುವುದಿಲ್ಲ, ಅಷ್ಟರಲ್ಲಿ ಮಧ್ಯಾಹ್ನವಾಗಿ ಬಣ್ಣ ಇಳಿದಿರುತ್ತದೆ. ಮುಂದಿನ ಜುಲೈಗೆ ಮತ್ತೆ ಬಂದು ನೋಡೋಣ ಎಂದು ಮಾತಾಗುತ್ತದೆ, ಯಾರ ಕಾರಿನಲ್ಲಿ ಬರುವುದು ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ.