ಪಿರಮಿಡ್ಡಿನ ಗೋಡೆ, ಗಿಟಾರಿನ ತಂತಿ

ನೈಲ್ ಎಂಬ ತಂಡ ಹುಟ್ಟಿದ್ದು ನೈಲ್ ನದಿಯ ದಡದಲ್ಲಲ್ಲ, ಅಮೆರಿಕದ ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ, 1993ರಲ್ಲಿ. ಗಿಟಾರ್ ವಾದಕ ಕಾರ್ಲ್ ಸ್ಯಾಂಡರ್ಸ್ ಅಂದು ಹಿಡಿದ ಪಟ್ಟನ್ನು ಇಂದಿಗೂ ಬಿಟ್ಟಿಲ್ಲ: ಡೆತ್ ಮೆಟಲ್‌ನ ಅತಿವೇಗದ, ಅತಿ ಜಟಿಲವಾದ ಕವಲಿಗೆ ಪ್ರಾಚೀನ ಈಜಿಪ್ಟಿನ ಮಂತ್ರ, ಶಾಪ, ಶವಸಂಸ್ಕಾರಗಳೇ ವಸ್ತು. ಈ ಹಾಡುಗಳನ್ನು ನಾನು ಕೇಳುವುದು ನೈರೋಬಿಯ ಸೌತ್ ಸಿಯಲ್ಲಿ, ವಿಲ್ಸನ್ ನಿಲ್ದಾಣದ ಸಣ್ಣ ವಿಮಾನಗಳು ಏರಿಳಿಯುವ ಬಡಾವಣೆಯಲ್ಲಿ. ಬಿಳಿ ನೈಲ್ ಹೊರಡುವುದು ವಿಕ್ಟೋರಿಯಾ ಸರೋವರದಿಂದ. ಆ ಸರೋವರಕ್ಕೆ ನೀರು ತರುವ ನ್ಜೋಯಾ, ಯಾಲಾ, ನ್ಯಾಂಡೊ ನದಿಗಳು ಇದೇ ಕೀನ್ಯಾದವು. ಮೇಲ್ದಂಡೆಯಲ್ಲಿ ಕೂತವರಿಗೆ ಈ ಸಂಗೀತದ ಹಿರಿಮೆ ಒಂದು ಕಡೆ, ಕೊರತೆ ಇನ್ನೊಂದು ಕಡೆ ಸ್ಪಷ್ಟವಾಗಿ ಕಾಣುತ್ತದೆ.

ಹೆವಿ ಮೆಟಲ್‌ಗೆ ಈಜಿಪ್ಟಿನ ಮೋಹ ಹಳೆಯದು. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದ ಐರನ್ ಮೇಡನ್, 1984ರಲ್ಲೇ ‘ಪವರ್‌ಸ್ಲೇವ್’ ಮುಖಪುಟಕ್ಕೆ ಫೇರೋನ ದೇಗುಲ ಬರೆಸಿತ್ತು. ಅಲ್ಲಿ ಈಜಿಪ್ಟ್ ಹೆಚ್ಚಾಗಿ ರಂಗಸಜ್ಜಿಕೆ. 1991ರ ಸುಮಾರಿಗೆ ಡೆತ್, ಏಥಿಸ್ಟ್, ಸಫೊಕೇಶನ್ ತಂಡಗಳು ತಾಳ ಮುರಿದು ಕಟ್ಟುವ ಹೊಸ ವ್ಯಾಕರಣ ತಂದವು. ನೈಲ್ 1998ರ ಮೊದಲ ಆಲ್ಬಮ್‌ನಲ್ಲಿ ಈ ಎರಡನ್ನೂ ಬೆಸೆಯಿತು.

ಈಜಿಪ್ಟಿನದು ಎಂದು ಕಿವಿ ಗುರುತಿಸುವ ಆ ಸ್ವರಗಳ ಪ್ರಶ್ನೆ ಮೊದಲು ಇತ್ಯರ್ಥವಾಗಬೇಕು. ಫೇರೋಗಳ ಕಾಲದ ಸಂಗೀತವನ್ನು ಓದಿ ನುಡಿಸಬಲ್ಲ ಸ್ವರಲಿಪಿ ಯಾವುದೂ ನಮಗೆ ಉಳಿದಿಲ್ಲ. ಹಾರ್ಪ್, ಜೋಡಿ ಕೊಳಲುಗಳು ಗೋಡೆಚಿತ್ರಗಳಲ್ಲಿವೆ. ತೂತಾಂಖಾಮನ್ ಸಮಾಧಿಯ ಕಹಳೆಗಳನ್ನು 1939ರಲ್ಲಿ ಬಿಬಿಸಿ ಪ್ರಸಾರಕ್ಕಾಗಿ ಊದಿದ್ದೂ ಉಂಟು. ಆದರೆ ರಾಗ ಮಾತ್ರ ಕಳೆದುಹೋಯಿತು. ಸ್ಯಾಂಡರ್ಸ್ ನೆಚ್ಚುವ ಸ್ವರಶ್ರೇಣಿ ಅರಬ್ಬರ ಹಿಜಾಜ್‌ಗೆ ಹತ್ತಿರದ್ದು. ನಮ್ಮ ಲೆಕ್ಕದಲ್ಲಿ 14ನೆಯ ಮೇಳ, ವಕುಳಾಭರಣ. ಅದರ ಕೈಶಿಕಿ ನಿಷಾದವನ್ನು ಕಾಕಲಿಗೆ ಏರಿಸಿದರೆ ಮಾಯಾಮಾಳವಗೌಳ, ಅಂದರೆ ಪುರಂದರದಾಸರ ಹೆಸರಿನಲ್ಲಿ ಬಂದ ಪಾಠಕ್ರಮದಲ್ಲಿ ಕನ್ನಡದ ಮಕ್ಕಳು ಸರಳೆ ವರಸೆ ಕಲಿಯುವ ರಾಗ. ಗ್ರೀನ್‌ವಿಲ್‌ನ ಕೇಳುಗನಿಗೆ ಮರಳುಗಾಡಿನ ನಿಗೂಢವಾಗಿ ಕೇಳುವುದು ನಮಗೆ ಬೆಳಗಿನ ಪಾಠದ ನೆನಪು. ಹಾಗಾಗಿ ಈ ಸ್ವರಗಳ ಮೋಡಿಗೆ ನಾವು ಸುಲಭವಾಗಿ ಬೀಳುವುದಿಲ್ಲ. ನೈಲ್‌ನ ಸತ್ವವನ್ನು ಬೇರೆಡೆ ಹುಡುಕಬೇಕಾಗುತ್ತದೆ.

ಅದು ಸಿಗುವುದು 2002ರ ‘ಇನ್ ದೇರ್ ಡಾರ್ಕನ್ಡ್ ಶ್ರೈನ್ಸ್’ ಆಲ್ಬಮ್‌ನಲ್ಲಿ, ಅದರಲ್ಲೂ 11 ನಿಮಿಷ ದಾಟುವ ‘ಉನಾಸ್, ಸ್ಲೇಯರ್ ಆಫ್ ದ ಗಾಡ್ಸ್’ ರಚನೆಯಲ್ಲಿ. ಉನಾಸ್ ಐದನೆಯ ರಾಜವಂಶದ ಕೊನೆಯ ಅರಸ. ಸಕ್ಕಾರದಲ್ಲಿರುವ ಅವನ ಪಿರಮಿಡ್ಡಿನ ಒಳಗೋಡೆಗಳಲ್ಲಿ ಕೆತ್ತಿದ ಮಂತ್ರಗಳು ಕ್ರಿಸ್ತಪೂರ್ವ 24ನೆಯ ಶತಮಾನದವು. ಪಿರಮಿಡ್ ಪಠ್ಯಗಳಲ್ಲಿ ಅವೇ ಅತ್ಯಂತ ಹಳೆಯವು. ಅವುಗಳಲ್ಲೊಂದರಲ್ಲಿ ಸತ್ತ ಅರಸ ದೇವತೆಗಳನ್ನು ಬೇಟೆಯಾಡುತ್ತಾನೆ, ಬೇಯಿಸಿ ತಿನ್ನುತ್ತಾನೆ, ಅವರ ಶಕ್ತಿಯನ್ನೆಲ್ಲ ಹೊಟ್ಟೆಗೆ ಇಳಿಸಿಕೊಳ್ಳುತ್ತಾನೆ. ಇಂಥ ಪಠ್ಯಕ್ಕೆ ಡೆತ್ ಮೆಟಲ್‌ನ ಆರ್ಭಟ ಹೊಂದುವುದು ಆಶ್ಚರ್ಯವಲ್ಲ. ಸ್ಯಾಂಡರ್ಸ್ ಇಲ್ಲಿ ವೇಗವನ್ನು ಹಿಡಿದಿಟ್ಟುಕೊಂಡದ್ದು ಆಶ್ಚರ್ಯ. ಭಾರವಾದ ರಿಫ್ ನಿಧಾನವಾಗಿ, ಮತ್ತೆ ಮತ್ತೆ, ಅಷ್ಟಿಷ್ಟೇ ಬದಲಾಗುತ್ತ ಬರುತ್ತದೆ. ಮಂತ್ರದ ಬಲವಿರುವುದು ಪುನರುಕ್ತಿಯಲ್ಲಿ ಎಂಬುದನ್ನು ಆತ ಪಠ್ಯದಿಂದಲೇ ಕಲಿತಂತಿದೆ. ಬ್ಲಾಸ್ಟ್ ಬೀಟ್ ಬಂದಾಗ ಅದು ಕೌಶಲದ ಪ್ರದರ್ಶನವಾಗಿ ಬರುವುದಿಲ್ಲ, ಆಕಾಶ ನಡುಗುವ ಆ ಸಂದರ್ಭಕ್ಕೆ ಅದು ಬೇಕೇ ಬೇಕು. ಪಠ್ಯವೇ ರೂಪವನ್ನು ನಿರ್ಧರಿಸಿದ ಇಂಥ ಹಾಡು ಇಡೀ ಟೆಕ್ನಿಕಲ್ ಡೆತ್ ಮೆಟಲ್‌ನಲ್ಲೇ ವಿರಳ.

2005ರ ‘ಅನಿಹಿಲೇಶನ್ ಆಫ್ ದ ವಿಕೆಡ್’ ಅನ್ನು ಹಲವರು ತಂಡದ ಶಿಖರ ಎನ್ನುತ್ತಾರೆ. ಗ್ರೀಸ್‌ನ ಡ್ರಮ್ಮರ್ ಜಾರ್ಜ್ ಕೊಲಿಯಾಸ್ ಸೇರಿದ ಮೊದಲ ಆಲ್ಬಮ್ ಅದು. ಅಷ್ಟು ವೇಗದಲ್ಲೂ ಅವನ ಪಾದಗಳು ಒಂದೊಂದು ಪೆಟ್ಟನ್ನೂ ಬಿಡಿಸಿ ಕೇಳಿಸುವ ಪರಿಗೆ ನಾನು ಇಂದಿಗೂ ಬೆರಗಾಗುತ್ತೇನೆ. ಆದರೂ ಅಲ್ಲಿ ಕಸುಬು ಮುಂದೆ, ಪಠ್ಯ ಹಿಂದೆ. ಮುಂದಿನ ಆಲ್ಬಮ್‌ಗಳಲ್ಲಿ ಈ ಅಂತರ ಹೆಚ್ಚುತ್ತಲೇ ಹೋಯಿತು.

ನನ್ನ ಗಂಭೀರ ತಕರಾರು ಬೇರೆಯದು. ಈ ಪರಂಪರೆಯ ಈಜಿಪ್ಟಿನಲ್ಲಿ ಬದುಕಿರುವ ಜನರೇ ಇಲ್ಲ. ಮೊದಲ ಆಲ್ಬಮ್‌ನ ಹೆಸರಿನಲ್ಲಿರುವ ನೆಫ್ರೆನ್-ಕಾ ಚರಿತ್ರೆಯ ಫೇರೋ ಅಲ್ಲ, ಅಮೆರಿಕದ ಭಯಾನಕ ಕಥೆಗಾರ ಲವ್‌ಕ್ರಾಫ್ಟ್ ಸೃಷ್ಟಿಸಿದವನು. 2019ರ ಆಲ್ಬಮ್‌ಗೆ ‘ವೈಲ್ ನೈಲಾಟಿಕ್ ರೈಟ್ಸ್’ ಎಂದು ಹೆಸರು. ನೈಲ್ ತೀರದ ಆಚರಣೆಗಳು ಹೇಯ ಎಂಬ ಆ ಮಾತು ಅಮೆರಿಕದಲ್ಲಿ ಬರಿಯ ಗಾಥಿಕ್ ಅಲಂಕಾರವಾಗಿ ಕೇಳಬಹುದು. ನೈಲಾಟಿಕ್ ಭಾಷೆಗಳನ್ನಾಡುವ ಲುವೋ, ಕಲೆಂಜಿನ್, ಮಾಸಾಯಿ ಜನ ನೆರೆಹೊರೆಯವರಾಗಿರುವ ನೈರೋಬಿಯಲ್ಲಿ ಅದು ಚುಚ್ಚುತ್ತದೆ. 1997ರ ಜನವರಿಯಲ್ಲಿ ಈಜಿಪ್ಟಿನ ಪೊಲೀಸರು ಸೈತಾನಾರಾಧನೆಯ ಆರೋಪ ಹೊರಿಸಿ ಸುಮಾರು ನೂರು ಮೆಟಲ್ ಪ್ರಿಯ ಯುವಕ ಯುವತಿಯರನ್ನು ಬಂಧಿಸಿದ್ದರು. ಗ್ರೀನ್‌ವಿಲ್‌ನಲ್ಲಿ ಯಾರ ಅಡ್ಡಿಯೂ ಇಲ್ಲದೆ ನುಡಿಸಬಹುದಾಗಿದ್ದ ಸಂಗೀತಕ್ಕೆ ಕೈರೋದಲ್ಲಿ ಜೈಲಿತ್ತು. ಅದೇ ಕೈರೋದಿಂದ ಸ್ಕಾರಬ್, ಕ್ರೆಸೆಂಟ್ ತಂಡಗಳು ತಮ್ಮ ನೆಲದ ಪುರಾಣವನ್ನು ತಾವೇ ಹಾಡುತ್ತ ಬಂದಿವೆ. ನೈಲ್‌ಗೆ ಸಿಕ್ಕ ಗಮನದ ಒಂದು ಪಾಲೂ ಅವರಿಗೆ ದಕ್ಕದಿರುವುದು ಅನ್ಯಾಯ.

ನೈರೋಬಿಯ ಉತ್ತರ ಇನ್ನೊಂದು ಬಗೆಯದು. ಮಾರ್ಟಿನ್ ಖಾಂಜಾ ಮತ್ತು ಸ್ಯಾಮ್ ಕರುಗು ಜೋಡಿಯ ‘ಡೂಮಾ’ 2020ರಲ್ಲಿ ಅದೇ ಹೆಸರಿನ ಆಲ್ಬಮ್ ತಂದಿತು. ಹೊರತಂದದ್ದು ಕಂಪಾಲಾದ ನ್ಯೆಗೆ ನ್ಯೆಗೆ ಟೇಪ್ಸ್. ನೈಲ್ ನದಿ ವಿಕ್ಟೋರಿಯಾ ಸರೋವರವನ್ನು ಬಿಟ್ಟು ಹೊರಡುವ ಜಿಂಜಾದಲ್ಲಿ ಉತ್ಸವ ನಡೆಸುವ ಬಳಗ. ಫೇರೋ ಇಲ್ಲ, ಹಿಜಾಜ್ ಇಲ್ಲ. ಗ್ರೈಂಡ್‌ಕೋರ್‌ನ ಕೂಗು, ಯಂತ್ರದ ತಾಳ, ಕರ್ಕಶ ಎಲೆಕ್ಟ್ರಾನಿಕ್ ನಾದ. ಯಾರದೋ ಪ್ರಾಚೀನತೆಯ ವೇಷ ತೊಡದೆ ಇಷ್ಟು ಭೀಕರವಾಗಿ ಕೇಳಿಸಬಲ್ಲ ಧೈರ್ಯ ಅವರದು, ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಡೂಮಾ ಕೇಳುವಾಗಲೆಲ್ಲ ಒಂದು ಕೊರತೆ ಕಾಡುತ್ತದೆ. ಯಂತ್ರದ ತಾಳಕ್ಕೆ ಆಯಾಸವಿಲ್ಲ. ಕೊಲಿಯಾಸನ ಡಬಲ್ ಬಾಸ್‌ನಲ್ಲಿ ಮನುಷ್ಯದೇಹ ತನ್ನ ಎಲ್ಲೆಯನ್ನು ಒತ್ತುತ್ತಿರುವುದು ಕೇಳುತ್ತದೆ. ಆ ಒತ್ತಡ ಡೂಮಾದಲ್ಲಿ ಖಾಂಜಾನ ಗಂಟಲಿನಲ್ಲಿ ಮಾತ್ರ ಇದೆ, ತಾಳದಲ್ಲಿ ಇಲ್ಲ.