ಪಾಯಿಂಟು ಮತ್ತು ಉದ್ರಿ

ಗೋಪಾಳದ ಸೂಪರ್ ಮಾರ್ಕೆಟ್ಟೊಂದರಲ್ಲಿ ಒಂದು ಲೀಟರ್ ಎಣ್ಣೆ ತಗೊಂಡು ಕೌಂಟರಿಗೆ ಹೋದರೆ ಮೊದಲು ಬರೋ ಪ್ರಶ್ನೆ: "ಸರ್, ಮೊಬೈಲ್ ನಂಬರ್?" ಬಿಲ್ಲಿನ ಕೊನೆಯಲ್ಲಿ ನಮ್ಮ ಪಾಯಿಂಟುಗಳ ಲೆಕ್ಕ. ಮಾರ್ಕೆಟಿಂಗ್‌ನವರು ಇದಕ್ಕೆ 'ಲಾಯಲ್ಟಿ' ಅಂತಾರೆ. ನಿಷ್ಠೆಯಂತೆ! ನಾನು ನೋಡಿದ ಮಟ್ಟಿಗೆ ಅದು ತಡವಾಗಿ ಕೊಡೋ ಡಿಸ್ಕೌಂಟು, ಅಷ್ಟೇ.

ಬ್ರಿಟನ್ನಿನ ಟೆಸ್ಕೊ 1995ರಲ್ಲಿ ಕ್ಲಬ್‌ಕಾರ್ಡ್ ತಂದಾಗ ಕಂಪನಿಗೆ ಸಿಕ್ಕ ದೊಡ್ಡ ಲಾಭ, ಯಾವ ಮನೆಯವರು ಏನು ಕೊಳ್ತಾರೆ ಅನ್ನೋ ಮಾಹಿತಿ. ಅಂಗಡಿ ನಮ್ಮನ್ನು ಗುರುತಿಟ್ಟುಕೊಳ್ಳುತ್ತೆ, ನಿಜ. ನಂಬುತ್ತಾ?

ನಂಬೋದು ಅಂದರೆ ಉದ್ರಿ ಪುಸ್ತಕ. ಚಿಕ್ಕವನಿದ್ದಾಗ ನಮ್ಮ ಬೀದಿಯ ದಿನಸಿ ಅಂಗಡಿಗೆ ಚೀಟಿ ಹಿಡ್ಕೊಂಡು ಹೋದರೆ, "ಬರ್ಕೊಂಡಿದೀನಿ ಅಂತ ಅಮ್ಮಂಗೆ ಹೇಳು" ಅಂತಿದ್ರು. ಮುಗೀತು. ಪಕ್ಕದ ಭದ್ರಾವತಿಯನ್ನೇ ನೋಡಿ. ಎಂಪಿಎಂ ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಕಾರ್ಖಾನೆ ಸಂಬಳದ ಮೇಲೆ ಬೆಳೆದ ಊರದು. ಒಂದನೇ ತಾರೀಕು ಬಂದರೂ ದುಡ್ಡು ಬಾರದ ಮನೆಗೆ ಪಾಯಿಂಟು ಎಷ್ಟು ದಿನದ ಅಕ್ಕಿ ಕೊಟ್ಟೀತು? ಅಂಥ ಹೊತ್ತಲ್ಲಿ "ಮುಂದಿನ ತಿಂಗಳು ಕೊಡಿ, ಪರವಾಗಿಲ್ಲ" ಅನ್ನೋ ಅಂಗಡಿಯನ್ನು ಯಾರು ಮರೀತಾರೆ?

ಹಾಗಂತ ದಿನಸಿ ಅಂಗಡಿಯನ್ನು ದೇವಸ್ಥಾನ ಮಾಡೋದೂ ಬೇಡ. ಉದ್ರಿ ಬಾಕಿ ಇರೋವಾಗ ಬೇಳೆ ರೇಟು ಯಾಕೆ ಜಾಸ್ತಿ ಅಂತ ಕೇಳೋಕೆ ನಾಲಿಗೆ ಏಳಲ್ಲ. ಗಾಂಧಿ ಬಜಾರಿನಿಂದ ಸಾಮಾನು ತಂದ ದಿನ ಆ ಅಂಗಡಿ ತಪ್ಪಿಸಿ, ಚೀಲ ಹೊತ್ತು ಹಿಂದಿನ ಕ್ರಾಸಿನಲ್ಲಿ ನಡೆದವರು ನಾವೇ. ಅದರಲ್ಲಿ ನಿಷ್ಠೆ ಎಷ್ಟು, ಮುಲಾಜು ಎಷ್ಟು? ನನ್ನ ಲೆಕ್ಕದಲ್ಲಿ ಅರ್ಧರ್ಧ. ಆದರೆ ಆ ಮುಲಾಜು ಹುಟ್ಟಿದ್ದು ಅವರು ಮೊದಲು ನಂಬಿದ್ದರಿಂದ. ಸೂಪರ್ ಮಾರ್ಕೆಟ್ಟು ನಮ್ಮನ್ನು ಯಾವತ್ತೂ ಮೊದಲು ನಂಬಲ್ಲ. ಬಾಗಿಲಲ್ಲೇ ಚೀಲ ಇಸ್ಕೊಂಡು ಟೋಕನ್ ಕೊಡುತ್ತೆ.

2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ಮೊಬೈಲ್ ನಂಬರಿಗೆ ಒತ್ತಾಯ ಮಾಡಬೇಡಿ ಅಂತ ಅಂಗಡಿಯವರಿಗೆ ಸೂಚನೆ ಕೊಟ್ಟಿತು. ಅದೇ ಧೈರ್ಯದಲ್ಲಿ ಮೊನ್ನೆ "ಕೊಡಲ್ಲಮ್ಮ" ಅಂದೆ. "ಸಿಸ್ಟಂ ಮುಂದಕ್ಕೆ ಹೋಗಲ್ಲ ಸರ್" ಅಂದಳು ಬಿಲ್ ಮಾಡೋ ಹುಡುಗಿ. ಅವಳದೇನು ತಪ್ಪು, ಪಾಪ. ಹಿಂದೆ ಕ್ಯೂ ಬೆಳೀತಿತ್ತು. ಒಂಬತ್ತನ್ನು ಹತ್ತು ಸಲ ಒತ್ತಿದಳು. ನನ್ನ ಎಣ್ಣೆಯ ಪಾಯಿಂಟು ಆ ಖಾತೆಗೆ ಜಮಾ ಆಯ್ತು. ಬಿಲ್ಲು ನೋಡಿದೆ. ಆ ಖಾತೆಯಲ್ಲಿ ಆಗಲೇ ನನಗಿಂತ ಜಾಸ್ತಿ ಪಾಯಿಂಟಿದ್ದವು.